ನೀಲಕ್ಕ ಹೊಡೆದ ಟರ್ಕಿ

ಸೈಪ್ರೆಸ್ಸಿನಲ್ಲಿ ಮನೆಗಳಿಗಿಂತ ಹುಲ್ಲುಗಾವಲೇ ಹೆಚ್ಚಿದ್ದ ಕಾಲ ಅದು. ಹ್ಯೂಸ್ಟನ್ನಿನ ವಾಯವ್ಯಕ್ಕೆ ಆಗಷ್ಟೇ ಒಂದೊಂದಾಗಿ ಹೊಸ ಬಡಾವಣೆಗಳು ಏಳುತ್ತಿದ್ದವು. ನಮ್ಮ ಬೀದಿಯ ಕೊನೆಯ ಮನೆ ದಾಟಿದರೆ ತಂತಿಬೇಲಿ, ಬೇಲಿಯಾಚೆ ದನ. ಸಂಜೆ ಹಿತ್ತಲಿನಲ್ಲಿ ನಿಂತರೆ ಒಂದು ಕಡೆಯಿಂದ ಹಸಿ ಸಿಮೆಂಟಿನ ವಾಸನೆ, ಇನ್ನೊಂದು ಕಡೆಯಿಂದ ಸಗಣಿಯದು. ಸಗಣಿಯ ವಾಸನೆ ಬಂದಾಗ ಅವ್ವ ಅಡಿಗೆಮನೆಯ ಕಿಟಕಿ ತೆರೆದು, "ಈಗ ನೋಡು, ಊರಾಗ ಇದ್ದಂಗ ಆತು," ಎನ್ನುತ್ತಿದ್ದಳು. ಇಂಡಿಯನ್ ಅಂಗಡಿಗೆ ಹೋಗಿಬರಲು ಅರ್ಧ ದಿನ ಹಿಡಿಯುತ್ತಿದ್ದ, ಜೋಳದ ಹಿಟ್ಟು ಊರಿಂದ ಬಂದವರ ಸೂಟ್‌ಕೇಸಿನಲ್ಲೇ ಬರಬೇಕಾಗಿದ್ದ ಆ ವರ್ಷಗಳನ್ನು ಟೆಕ್ಸಸ್ಸಿನಲ್ಲಿ ಬೆಳೆದ ನನ್ನ ವಯಸ್ಸಿನವರು ಯಾರೂ ಮರೆತಿರಲಾರರು. ಭೇಟಿಯಾದಾಗಲೆಲ್ಲ ನಗುನಗುತ್ತ ನೆನೆಯುತ್ತಾರೆ. ನಾನೂ ನಗುತ್ತೇನೆ. ಆದರೆ ನನ್ನ ನಗು ಒಂದು ಏಪ್ರಿಲ್ ತಿಂಗಳವರೆಗೆ ಬಂದು ಅಲ್ಲಿಗೆ ನಿಂತುಹೋಗುತ್ತದೆ.

ಆಗ ನನಗೆ ಒಂಬತ್ತು, ಅಕ್ಕ ನೀಲಾಳಿಗೆ ಹದಿಮೂರು. ಧಾರವಾಡ ಬಿಟ್ಟು ಮೂರು ವರ್ಷವಾಗಿತ್ತು. ಅಪ್ಪ ಶಿವಾನಂದ ಒಂದು ಎಣ್ಣೆ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದ. ತಿಂಗಳಿಗೊಮ್ಮೆ ನಮ್ಮ ಕಡೆಯ ಕೆಲವು ಮನೆಗಳವರು ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದರು. ಅಲ್ಲಿ ಮಕ್ಕಳಿಗೆ ವಚನ ಕಲಿಸುವವನು ಅಪ್ಪನೇ. ಅವನ ದನಿ ಚೆನ್ನಾಗಿತ್ತು, ಅರ್ಥ ಹೇಳುವ ರೀತಿಯೂ ಚೆನ್ನಾಗಿತ್ತು. ಮಿಸೌರಿ ಸಿಟಿಯಿಂದ ಬರುತ್ತಿದ್ದ ವಿಜಯಾ ಆಂಟಿ, "ನಿಮ್ಮಂಥವರು ಇರೂದಕ್ಕ ನಮ್ಮ ಮಕ್ಕಳು ಮಕ್ಕಳಾಗ್ಯಾವು ನೋಡ್ರಿ," ಎಂದರೆ ಅಪ್ಪ ಕೈಮುಗಿದು ತಲೆ ತಗ್ಗಿಸುತ್ತಿದ್ದ. ಆ ಹೊತ್ತಿಗೆ ಅವನ ಕಿವಿ ಕೆಂಪಾಗುವುದನ್ನು ನಾನು ನೋಡಿದ್ದೇನೆ.

ಪಕ್ಕದ ಮನೆಯಲ್ಲಿ ಮಿಸ್ಟರ್ ಕಾರ್ಲ್ ಇದ್ದರು. ಅಲ್ಲಿನ ಮಕ್ಕಳೆಲ್ಲ ಹಾಗೇ ಕರೆಯುತ್ತಿದ್ದರಿಂದ ನಾವೂ ಹಾಗೇ ಕರೆದೆವು. ಕೆಲಸದಿಂದ ನಿವೃತ್ತರಾಗಿದ್ದರು, ಬಲ ಮೊಣಕಾಲು ಕೆಟ್ಟಿತ್ತು, ಮೆಟ್ಟಿಲು ಇಳಿಯುವಾಗ ಒಂದೊಂದಕ್ಕೂ ಒಂದು ಬೈಗುಳ. ಅವರ ಮೊಮ್ಮಗ ಕೋಡಿ ನೀಲಕ್ಕನಿಗಿಂತ ಎರಡು ವರ್ಷಕ್ಕೆ ಸಣ್ಣವನು, ಶನಿವಾರ ಶನಿವಾರ ಬರುತ್ತಿದ್ದ. ಅವನು ಬಂದನೆಂದರೆ ಹಿತ್ತಲಿನಿಂದ ಅವನ ಏರ್ ಗನ್ನಿನ ಟಪ್ ಟಪ್ ಸದ್ದು. ಬೇಲಿಯ ಸಂದಿಯಿಂದ ನಾವು ಇಣುಕಿ ನೋಡುವುದು, ಅವರು ಒಂದು ದಿನ, "ಸಂದಿಯಿಂದ ಯಾಕೆ ನೋಡ್ತೀರಿ, ಗೇಟಿದೆಯಲ್ಲ," ಎನ್ನುವುದು, ಹೀಗೆ ನಮ್ಮ ಏರ್ ಗನ್ನಿನ ಶನಿವಾರಗಳು ಶುರುವಾದವು.

ಅದರ ನಳಿಗೆಯನ್ನು ಮುರಿದಂತೆ ಕೆಳಕ್ಕೆ ಬಗ್ಗಿಸಬೇಕು. ಕಡಲೆಗಿಂತ ಸಣ್ಣ ಸೀಸದ ಗುಂಡು ಇಟ್ಟು ಮತ್ತೆ ಕಟಕ್ಕನೆ ಕೂಡಿಸಬೇಕು. ನನಗೆ ಬಗ್ಗಿಸುವಷ್ಟು ಬಲವಿರಲಿಲ್ಲ. ಹುಲ್ಲಿನಲ್ಲಿ ಕೂತು ಗುಂಡಿನ ಡಬ್ಬಿ ಹಿಡಿದುಕೊಳ್ಳುವುದು ನನ್ನ ಪಾಲು. ಎಣ್ಣೆ, ಬೆವರು, ಬೇಲಿಯ ಹೊಸ ಮರ, ಗುರಿಗೆಂದು ಸಾಲಾಗಿಟ್ಟು ಬಿಸಿಲಿಗೆ ಕಾದ ಖಾಲಿ ಸೋಡಾ ಡಬ್ಬಿಗಳ ಸಿಹಿ ಅಂಟು. ಇವೆಲ್ಲ ಸೇರಿದ ಒಂದು ವಾಸನೆ ಇತ್ತು. ಕೋಡಿ ಅವಸರದ ಹುಡುಗ, ಹೊಡೆದದ್ದಕ್ಕಿಂತ ತಪ್ಪಿದ್ದು ಹೆಚ್ಚು. ನೀಲಕ್ಕ ಹಾಗಲ್ಲ. ಕೆನ್ನೆಯನ್ನು ಗನ್ನಿನ ಮರದ ಹಿಡಿಗೆ ಒತ್ತಿ ಉಸಿರು ಬಿಡುತ್ತಿದ್ದಳು, ಉಸಿರು ಮುಗಿದ ಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಡಬ್ಬಿ ಹಾರುತ್ತಿತ್ತು. ಶಾಲೆಯಲ್ಲಿ ಅವಳ ಇಂಗ್ಲಿಷಿನ ಉಚ್ಚಾರಕ್ಕೆ ನಗುತ್ತಿದ್ದರು, ಮಧ್ಯಾಹ್ನದ ಡಬ್ಬಿಯ ಚಟ್ನಿಪುಡಿಗೆ ಮೂಗು ಮುಚ್ಚುತ್ತಿದ್ದರು. ಅವಳು ಬೆನ್ನು ನೆಟ್ಟಗೆ ಮಾಡಿ ನಿಂತದ್ದನ್ನು ನಾನು ಆ ಹಿತ್ತಲಿನಲ್ಲಿ ಮಾತ್ರ ನೋಡಿದ್ದು.

ಅಪ್ಪನೂ ಬರುತ್ತಿದ್ದ. ಅವನಿಗೆ ಹತ್ತಕ್ಕೆ ಒಂದು ಡಬ್ಬಿ ಬಿದ್ದರೆ ಹೆಚ್ಚು. "ನೀಲಾ, ನಿನ್ನ ಕಣ್ಣು ಯಾರದವಾ? ನಂದಂತೂ ಅಲ್ಲ," ಎಂದು ನಗುತ್ತಿದ್ದ. ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ ಕಾಫಿ ಮಷೀನಿನ ಹತ್ತಿರ ಎಲ್ಲರೂ ಜಿಂಕೆ, ಟರ್ಕಿ, ರಾಂಚ್ ಎಂದು ಮಾತಾಡುತ್ತಾರೆ, ತಾನೊಬ್ಬನೇ ಕಪ್ಪು ಹಿಡಿದು ನಿಂತಿರುತ್ತೇನೆ ಎಂದು ಅವ್ವನಿಗೆ ಒಮ್ಮೆ ಹೇಳಿದ್ದು ಕೇಳಿದ್ದೆ. ಹಾಗಾಗಿ ಮಿಸ್ಟರ್ ಕಾರ್ಲ್ ದನ ಸಾಕುವ ತಮ್ಮ ಅಣ್ಣನ ರಾಂಚಿಗೆ ವಸಂತದ ಟರ್ಕಿ ಕೋಳಿಯ ಬೇಟೆಗೆ ಕರೆದಾಗ ಅಪ್ಪ ಎರಡು ಸಲ ಯೋಚಿಸಲಿಲ್ಲ. ಮಿಸ್ಟರ್ ಕಾರ್ಲ್ ಮೊದಲೇ ಸ್ಪಷ್ಟವಾಗಿ ಹೇಳಿದರು: ಬೇಟೆ ತಮ್ಮದು, ತಮ್ಮ ಶಾಟ್‌ಗನ್ನಿನದು. ಮಕ್ಕಳ ಏರ್ ಗನ್ ಟರ್ಕಿಗಲ್ಲ, ಕಾನೂನೂ ಒಪ್ಪುವುದಿಲ್ಲ, ಆ ಪುಟ್ಟ ಗುಂಡು ಅಷ್ಟು ದೊಡ್ಡ ಹಕ್ಕಿಯನ್ನು ಕೊಲ್ಲುವುದಿಲ್ಲ, ನರಳಿಸುತ್ತದೆ. ಮಕ್ಕಳು ಖಾಲಿ ಗನ್ನು ಹಿಡಿದು ಸುಮ್ಮನೆ ಕೂತು ನೋಡಲಿ, ಆಮೇಲೆ ರಾಂಚಿನಲ್ಲಿ ಡಬ್ಬಿ ಹೊಡೆಯಲಿ.

ಅವ್ವನಿಗೆ ಅಪ್ಪ ಹೇಳಿದ್ದು ಬೇರೆ. "ಆಸ್ಟಿನ್ ಕಡೆ ಬ್ಲೂಬಾನೆಟ್ ಹೂ ಅರಳ್ಯಾವಂತ. ಹುಡುಗ್ಯಾರಿಗೆ ತೋರಿಸಿಕೊಂಡು ಬರ್ತೇನಿ. ಕಾರ್ಲ್ ಅವರ ಮಂದಿ ಮನ್ಯಾಗ ಇಳಕೊಳ್ಳೂದು."

ಅವ್ವ ಶೇಂಗಾ ಹೋಳಿಗೆ, ಚಪಾತಿ, ಒಣ ಪಲ್ಯ ಕಟ್ಟಿಕೊಟ್ಟಳು. ಮಿಸ್ಟರ್ ಕಾರ್ಲ್ ಅವರ ಟ್ರಕ್ಕಿನಲ್ಲಿ ಆಸ್ಟಿನ್ ದಾಟಿ ಪಶ್ಚಿಮಕ್ಕೆ ಹೋಗುವಾಗ ರಸ್ತೆಯ ಎರಡೂ ಬದಿ ಹೂ ನಿಜಕ್ಕೂ ಇತ್ತು, ನೀಲಿ ಸೀರೆ ಒಣಹಾಕಿದಂತೆ. ನಡುವೆ ಒಂದು ಕಡೆ ಇಳಿದು ನಮ್ಮಿಬ್ಬರನ್ನು ಹೂವಿನೊಳಗೆ ಕೂರಿಸಿ ಅಪ್ಪ ಫೋಟೊ ತೆಗೆದ. "ಅವ್ವಗ ತೋರಿಸಾಕ ಬೇಕಲ್ಲ," ಎಂದು ಕಣ್ಣು ಮಿಟುಕಿಸಿದ. ನಾವಿಬ್ಬರೂ ಕಿಸಕ್ಕನೆ ನಕ್ಕೆವು. ಅಪ್ಪನ ಗುಟ್ಟಿನಲ್ಲಿ ನಮಗೂ ಪಾಲಿದೆಯೆಂಬ ಸಂತೋಷ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕೋಡಿಯೂ ಸೇರಿ ನಾವು ಐದೂ ಜನ ಬಿದ್ದ ಒಂದು ಓಕ್ ಮರದ ಹಿಂದೆ ಕೂತಿದ್ದೆವು. ಸೀಡರ್ ಗಿಡಗಳ ಘಾಟು, ಇಬ್ಬನಿಗೆ ನೆನೆದ ಸುಣ್ಣಕಲ್ಲಿನ ವಾಸನೆ, ಫ್ಲಾಸ್ಕಿನ ಕಾಫಿ. ಮಿಸ್ಟರ್ ಕಾರ್ಲ್ ಬಳಿ ಒಂದು ಮರದ ಡಬ್ಬಿ ಇತ್ತು. ಅದರ ಮುಚ್ಚಳವನ್ನು ಅಂಚಿಗೆ ಉಜ್ಜಿದರೆ ಹೆಣ್ಣು ಟರ್ಕಿ ಕೂಗಿದ ಹಾಗೆ ಕೀರಲು ಸದ್ದು. ಉಜ್ಜುವುದು, ಕಾಯುವುದು. ಎಲ್ಲೋ ಇಳಿಜಾರಿನ ಕೆಳಗಿನಿಂದ ಗಂಡಿನ ಉತ್ತರ, ಗಂಟಲಲ್ಲಿ ನೀರು ಕುದಿದಂತೆ. ಪ್ರತಿ ಸಲವೂ ಹತ್ತಿರ. ನೀಲಕ್ಕ ನನ್ನ ಕೈ ಒತ್ತಿ ಹಿಡಿದಿದ್ದಳು.

ಗಂಡು ಟರ್ಕಿ ಬಯಲಿಗೆ ಬಂತು. ನಾನು ಅಂಗಡಿಯ ಚಿತ್ರಗಳಲ್ಲಿ ನೋಡಿದ್ದ ಹಕ್ಕಿಯಲ್ಲ ಅದು. ಬಾಲ ಬಿಚ್ಚಿ ನಿಂತಾಗ ಬಿಸಿಲು ಅದರ ಎದೆಯ ಮೇಲೆ ತಾಮ್ರದ ಕೊಡದ ಮೇಲೆ ಬಿದ್ದಂತೆ ಹೊಳೆಯಿತು. ಮಿಸ್ಟರ್ ಕಾರ್ಲ್ ನಿಧಾನವಾಗಿ ಶಾಟ್‌ಗನ್ ಎತ್ತುತ್ತಿದ್ದರು. ಅಷ್ಟರಲ್ಲಿ ನನ್ನ ಪಕ್ಕದಲ್ಲೇ ಟಪ್ ಎಂದಿತು.

ಕೋಡಿ ಯಾರಿಗೂ ಹೇಳದೆ ಗನ್ನಿನಲ್ಲಿ ಗುಂಡು ಇಟ್ಟಿದ್ದ.

ಹಕ್ಕಿ ಕುಸಿಯಿತು, ಎದ್ದಿತು, ಒಂದು ರೆಕ್ಕೆ ಎಳೆಯುತ್ತ ಸುತ್ತಸುತ್ತ ತಿರುಗತೊಡಗಿತು. ಮಿಸ್ಟರ್ ಕಾರ್ಲ್ ಗುರಿ ಹಿಡಿಯುವುದರೊಳಗೆ ಕೋಡಿ ಮರ ಹಾರಿ ಅದರತ್ತ ಓಡಿಬಿಟ್ಟ. ಅವನು ಅಡ್ಡ ಇದ್ದದ್ದರಿಂದ ಅವರು ಶಾಟ್‌ಗನ್ ಕೆಳಗಿಳಿಸಬೇಕಾಯಿತು. "ಹಿಂದಕ್ಕೆ ಬಾ!" ಎಂದು ಕೂಗಿದರು. ಹುಡುಗ ಹಕ್ಕಿಯ ಹತ್ತಿರ ಹೋಗಿ ಕಲ್ಲಾಗಿ ನಿಂತ. ಹಕ್ಕಿ ಮುಳ್ಳುಗಳ್ಳಿಯ ಪೊದೆಗೆ ನುಗ್ಗಿ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಅದರ ಬಾಯಿಂದ ಬರುತ್ತಿದ್ದ ಸದ್ದಿಗೆ ನನಗೆ ಇವತ್ತಿಗೂ ಹೋಲಿಕೆ ಸಿಕ್ಕಿಲ್ಲ. ಮಿಸ್ಟರ್ ಕಾರ್ಲ್ ಎದ್ದು ಆ ಕೆಟ್ಟ ಕಾಲಿನಲ್ಲಿ ಮರ ದಾಟಲು ಹೆಣಗುತ್ತಿದ್ದರು. ಅಪ್ಪ, ನೀಲಕ್ಕ, ನಾನು ಓಡಿ ಹೋದೆವು.

"ಅಪ್ಪಾ, ಏನರ ಮಾಡ್ರಿ," ಎಂದಳು ನೀಲಕ್ಕ.

ಅಪ್ಪ ಎರಡು ಹೆಜ್ಜೆ ಮುಂದೆ ಇಟ್ಟು ನಿಂತ. "ಮುಟ್ಟಬ್ಯಾಡ. ಕಾರ್ಲ್ ಬರ್ತಾರ, ತಡಿ."

"ಅಷ್ಟೊತ್ತು ಅದು ಹಿಂಗ ಒದ್ದಾಡಬೇಕೇನು?"

ಹಿಂದಿನಿಂದ ಮಿಸ್ಟರ್ ಕಾರ್ಲ್ ಕೂಗಿ ಹೇಳಿದರು: "ತೀರಾ ಹತ್ತಿರದಿಂದ, ಕಣ್ಣಿನ ಹಿಂದೆ, ಮಗಳೇ. ನಿನ್ನಿಂದ ಆಗದಿದ್ದರೆ ಬೇಡ, ನಾನು ಬರ್ತಿದ್ದೀನಿ."

ನೀಲಕ್ಕ ಕೋಡಿಯ ಕೈಯಿಂದ ಗನ್ನು ತೆಗೆದುಕೊಂಡಳು, ಅವನ ಜೇಬಿನಿಂದ ಗುಂಡು ತೆಗೆದಳು, ನಳಿಗೆ ಬಗ್ಗಿಸಿ ಕೂಡಿಸಿದಳು. ಮೊಣಕಾಲೂರಿ ಕೂತಳು. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಆದರೆ ಕೈ ಅಲುಗಲಿಲ್ಲ. ಉಸಿರು ಬಿಟ್ಟಳು. ಆಮೇಲೆ ಆ ಸದ್ದು ನಿಂತಿತು.

ಅವಳು ಗನ್ನು ಹುಲ್ಲಿನ ಮೇಲಿಟ್ಟು ಹಕ್ಕಿಯ ಬೆನ್ನಿನ ಮೇಲೆ ಅಂಗೈ ಇಟ್ಟಳು. ಅಪ್ಪ ಪಕ್ಕದಲ್ಲಿ ಕೂತು ಅವಳ ತಲೆ ನೇವರಿಸಿದ. "ಛಲೋ ಮಾಡಿದಿ, ನೀಲಾ. ಅದರ ಸಂಕಟ ಬಿಡಿಸಿದಿ. ನನ್ನ ಕಡಿಂದ ಆಗ್ತಿರಲಿಲ್ಲ." ಇದನ್ನು ನಾನು ಅವನ ಎಡಗಡೆ ನಿಂತು ಕೇಳಿದ್ದೇನೆ. ಮಿಸ್ಟರ್ ಕಾರ್ಲ್ ಕುಂಟುತ್ತ ಬಂದು ಮುಟ್ಟಿದರು. ಟೊಪ್ಪಿಗೆ ತೆಗೆದು ನಿಂತರು. ಆಮೇಲೆ ಕೋಡಿಯ ಭುಜ ಹಿಡಿದು ದೂರ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಹುಡುಗ ಅಳುತ್ತಿದ್ದ. ಆ ಏರ್ ಗನ್ನು ಅವನಿಗೆ ಮತ್ತೆ ಸಿಗಲಿಲ್ಲ.

ಮನೆಗೆ ಬಂದ ಮೇಲೆ ಅವ್ವನಿಗೆ ಹೂವಿನ ಕತೆ ಹೇಳಿದೆವು. ಸೋಮವಾರ ಸಂಜೆ ಆಫೀಸಿನ ಯಾರೊಂದಿಗೋ ಅಪ್ಪ ಫೋನಿನಲ್ಲಿ ಮಾತಾಡುತ್ತಿದ್ದುದು ಗರಾಜಿನಲ್ಲಿ ಸೈಕಲ್ ಹೊಡೆಯುತ್ತಿದ್ದ ನನಗೆ ಕೇಳಿಸಿತು. ಇಂಗ್ಲಿಷಿನಲ್ಲಿ, ದೊಡ್ಡ ದನಿಯಲ್ಲಿ. ನಾವು ಟರ್ಕಿ ಹೊಡೆದೆವು. ಇಷ್ಟು ದೊಡ್ಡದು. ಕೊನೆಯ ಗುಂಡು ನನ್ನ ಮಗಳದು, ನಾನು ಪಕ್ಕದಲ್ಲೇ ಇದ್ದೆ. ನೀಲಕ್ಕ ಒಳಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. ಅವಳ ಮುಖದಲ್ಲಿ ಹೆಮ್ಮೆ ಇತ್ತೋ ನಾಚಿಕೆ ಇತ್ತೋ, ಎರಡೂ ಇತ್ತು.

ಆ ತಿಂಗಳ ಪ್ರಾರ್ಥನೆ ನಮ್ಮ ಮನೆಯಲ್ಲಿ. ಅವ್ವ ಹಿಂದಿನ ದಿನದಿಂದಲೇ ಮಾದಲಿ ಮಾಡಿಟ್ಟಿದ್ದಳು. ಗೋದಿ, ಬೆಲ್ಲ, ಏಲಕ್ಕಿಯ ಪರಿಮಳ ಮನೆಯ ತುಂಬ. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಹತ್ತಿಪ್ಪತ್ತು ಜನ ಬಂದಿದ್ದರು, ನಡುಮನೆಯ ಸೋಫಾ ಗೋಡೆಗೆ ಸರಿಸಿ ಜಮಖಾನ ಹಾಸಿತ್ತು. ಎಲ್ಲರ ಹಣೆಯಲ್ಲಿ ವಿಭೂತಿ. ಅಪ್ಪ ಬಿಳಿ ಪಂಚೆ ಉಟ್ಟು ಮಕ್ಕಳಿಗೆ ವಚನ ಹೇಳಿಕೊಡುತ್ತಿದ್ದ. ಆಗ ಬಾಗಿಲ ಗಂಟೆ ಬಡಿಯಿತು.

ಮಿಸ್ಟರ್ ಕಾರ್ಲ್. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫಾಯಿಲ್ ಮುಚ್ಚಿದ ದೊಡ್ಡ ಟ್ರೇ. ಪೆಕಾನ್ ಕಟ್ಟಿಗೆಯ ಹೊಗೆಯಲ್ಲಿ ಬೆಂದ ಮಾಂಸದ ವಾಸನೆ ಅವರಿಗಿಂತ ಮೊದಲು ಒಳಗೆ ಬಂತು. ಬಾಗಿಲು ತೆರೆದ ಅವ್ವನಿಗೆ ಅವರು ತಮ್ಮ ಮೃದುವಾದ ಎಳೆದೆಳೆದ ಇಂಗ್ಲಿಷಿನಲ್ಲಿ ಹೇಳಿದರು: ಇಷ್ಟು ಕಾರು ನೋಡಿ ಪಾರ್ಟಿ ಇರಬೇಕು ಅಂದುಕೊಂಡೆ. ನೀವು ತಿನ್ನೋದಿಲ್ಲ ಅಂತ ಗೊತ್ತು, ನಿಮ್ಮ ಅತಿಥಿಗಳಾದರೂ ತಿನ್ನಲಿ. ಇದು ನೀಲಾ ಹೊಡೆದ ಹಕ್ಕಿ. ಅದು ನರಳುತ್ತಿತ್ತು, ಅವಳು ನರಳೋದಕ್ಕೆ ಬಿಡಲಿಲ್ಲ. ದೊಡ್ಡವರಿಗೂ ಅಷ್ಟು ಧೈರ್ಯ ಇರೋದಿಲ್ಲ, ಮ್ಯಾಮ್.

ಒಳ್ಳೆಯ ಮಾತು ಎಲ್ಲರೂ ಕೇಳಲಿ ಎಂದೇ ಸ್ವಲ್ಪ ಜೋರಾಗಿ ಹೇಳಿದ್ದರು. ಎಲ್ಲರಿಗೂ ಕೇಳಿಸಿತು.

ಅವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ತಿರುಗಿ ನೀಲಕ್ಕನನ್ನು ನೋಡಿದಳು. "ಕೊರಳಾಗ ಲಿಂಗ ಕಟಗೊಂಡು ಜೀವಾ ತಗದೀಯೇನ?"

ವಿಜಯಾ ಆಂಟಿ ಮೂಗಿಗೆ ಸೆರಗು ಹಿಡಿದಿದ್ದರು. ಕೇಳಿದ್ದು ಮಾತ್ರ ಅಪ್ಪನನ್ನು. "ಏನ್ರೀ ಇದು? ನೀವೇ ಕರಕೊಂಡು ಹೋಗಿದ್ರೇನು?"

ಅಪ್ಪ ಎದ್ದು ನಿಂತ. ಆ ಕ್ಷಣದಲ್ಲಿ ನನಗೆ ಹೆದರಿಕೆ ಇರಲಿಲ್ಲ. ಅಪ್ಪ ಈಗ ಹೇಳುತ್ತಾನೆ, ಅವನು ಎಷ್ಟು ಚೆನ್ನಾಗಿ ಅರ್ಥ ಹೇಳುತ್ತಾನೆ, ಎಲ್ಲರಿಗೂ ತಿಳಿಯುತ್ತದೆ ಅಂದುಕೊಂಡೆ. ನೀಲಕ್ಕನೂ ಅವನ ಮುಖವನ್ನೇ ನೋಡುತ್ತಿದ್ದಳು.

"ನಾ ಅಲ್ಲಿ ಇರಲೇ ಇಲ್ರೀ," ಎಂದ ಅಪ್ಪ. "ಬೆನ್ನು ನೂಸಾಕತ್ತಿತ್ತು, ಕಾರ್ಲ್ ಅವರ ಅಣ್ಣನ ಮನ್ಯಾಗ ಮಲಗಿದ್ದೆ. ಇಕಿ ಹೇಳದ ಕೇಳದ ಆ ಹುಡುಗನ ಜೋಡಿ ಹೋಗ್ಯಾಳ. ನನಗೂ ಈಗ ಗೊತ್ತಾತು."

"ಅಪ್ಪಾ, ನೀವು ಅಲ್ಲೇ ಇದ್ರಲ್ಲ!" ಎಂದು ನಾನು ಕೂಗಿಬಿಟ್ಟೆ. "ಛಲೋ ಮಾಡಿದಿ ಅಂದ್ರಲ್ಲ!"

ಅಪ್ಪ ನಕ್ಕ. ನಗುತ್ತಲೇ ಸುತ್ತ ನೋಡಿದ. "ಸಣ್ಣಾಕಿ, ಅಕ್ಕನ ಪರವಾಗಿ ಮಾತಾಡತಾಳ." ಆಮೇಲೆ ಬಾಗಿಲ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಕಾರ್ಲ್, ಇವರಿಗೆ ಹೇಳು. ಆವತ್ತು ನಾನು ನಿನ್ನ ಅಣ್ಣನ ಮನೆಯಲ್ಲೇ ಇದ್ದೆ ಅಲ್ಲವಾ?"

ಮಿಸ್ಟರ್ ಕಾರ್ಲ್‌ಗೆ ನಮ್ಮ ಕನ್ನಡ ತಿಳಿಯದಿದ್ದರೂ ಕೋಣೆಯಲ್ಲಿ ಏನಾಗುತ್ತಿದೆಯೆಂದು ಆ ಹೊತ್ತಿಗೆ ತಿಳಿದಿತ್ತು. ಅವರು ಅಪ್ಪನನ್ನು ನೋಡಿದರು. ನೀಲಕ್ಕನನ್ನು ನೋಡಿದರು. "ನೀನು ಎಲ್ಲಿದ್ದೆ ಅಂತ ನಿನ್ನ ಮಗಳಿಗೆ ಗೊತ್ತು, ಶಿವಾ," ಎಂದರು ಮೆಲ್ಲಗೆ. ಅವ್ವನಿಗೆ ಕ್ಷಮೆ ಕೇಳಿ, ಟ್ರೇ ಎತ್ತಿಕೊಂಡು ಮೆಟ್ಟಿಲಿಳಿದರು. ಆವತ್ತು ಬೈಗುಳ ಕೇಳಿಸಲಿಲ್ಲ.

ಅಪ್ಪ ಬಾಗಿಲು ಮುಚ್ಚಿದ. ಅವ್ವ ಊದುಬತ್ತಿ ಹೆಚ್ಚಿಸಿದಳು. ಪ್ರಾರ್ಥನೆ ಮುಂದುವರಿಯಿತು. ಅವನ ದನಿ ಎಂದಿನಂತೆ ಚೆನ್ನಾಗಿತ್ತು.

ಜನ ಹೋದ ಮೇಲೆ ಅವ್ವ ನೀಲಕ್ಕನಿಗೆ ಅರಿಸಿನ ನೀರು ಹಾಕಿ ತಲೆಗೆ ಎರೆದಳು, ಬಿಕ್ಕುತ್ತ ಎರೆದಳು. ನಾನು ಬಚ್ಚಲ ಬಾಗಿಲಲ್ಲಿ ನಿಂತು ಇಡೀ ಕತೆಯನ್ನು ಮೊದಲಿನಿಂದ ಹೇಳಿದೆ. ಅವ್ವ ಕೇಳಿಸಿಕೊಂಡಳು. ಎರೆಯುವುದನ್ನು ನಿಲ್ಲಿಸಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕನ ಲಿಂಗ ದೇವರ ಕಪಾಟಿನಲ್ಲಿ ಇತ್ತು. ಅವಳೇ ತೆಗೆದು ಇಟ್ಟಿದ್ದಳು.

ಅಪ್ಪ ನಮ್ಮಿಬ್ಬರನ್ನೂ ಐಸ್‌ಕ್ರೀಮಿಗೆ ಕರೆದುಕೊಂಡು ಹೋದ. ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಸ್ಟೀರಿಂಗ್ ನೋಡುತ್ತ ಹೇಳಿದ: "ತಿಳಕೋಬೇಕು ನೀಲಾ. ನೀ ಸಣ್ಣಾಕಿ, ನಿನ್ನ ಮಾತು ಮಂದಿ ನಾಳೆ ಮರೀತಾರ. ನನ್ನ ಹೆಸರು ಕೆಟ್ರ ಮರಿಯೂದಿಲ್ಲ."

ಹಿಂದಿನ ಸೀಟಿನಿಂದ ನೀಲಕ್ಕ, "ಓಕೆ," ಎಂದಳು.

ಮಂದಿ ಮರೆಯಲಿಲ್ಲ. ಮುಂದಿನ ಪ್ರಾರ್ಥನೆಯಲ್ಲಿ ಹುಡುಗರು ಅವಳನ್ನು ಕಂಡೊಡನೆ ಟರ್ಕಿಯ ಹಾಗೆ ಗಂಟಲು ಕುದಿಸಿದರು. ದೊಡ್ಡವರು ಗದರಿಸಿದರು, ಗದರಿಸುವಾಗ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ವಿಜಯಾ ಆಂಟಿ ತಮ್ಮ ಮಗಳನ್ನು ನಮ್ಮ ಮನೆಯಲ್ಲಿ ಮಲಗಲು ಕಳಿಸುವುದನ್ನು ನಿಲ್ಲಿಸಿದರು. ಅಪ್ಪ ವಚನ ಕಲಿಸುವುದನ್ನು ಮುಂದುವರಿಸಿದ. ಅಕ್ಕ ಬೇಲಿಯ ಗೇಟು ತೆರೆದು ಒಮ್ಮೆ ಮಾತ್ರ ಆಚೆ ಹೋದಳು, ಮಿಸ್ಟರ್ ಕಾರ್ಲ್‌ಗೆ ಥ್ಯಾಂಕ್ಸ್ ಹೇಳಲು. ಅವರು ಏರ್ ಗನ್ ತಂದು ಕೊಡಹೋದರೆ ಬೇಡವೆಂದಳಂತೆ. ಅಪ್ಪನೊಂದಿಗೆ ಅವರು ಮತ್ತೆ ಮಾತಾಡಿದ್ದನ್ನು ನಾನು ನೋಡಲಿಲ್ಲ. ಎರಡು ವರ್ಷದಲ್ಲಿ ಅವರು ಮನೆ ಮಾರಿ ಅಣ್ಣನ ರಾಂಚಿಗೆ ಹೋದರು. ದನಗಳಿದ್ದ ಹುಲ್ಲುಗಾವಲಿಗೂ ಕಾಂಕ್ರೀಟು ಬಿತ್ತು.

ಮನೆಯಲ್ಲಿ ಏನು ಬದಲಾಯಿತೆಂದು ನನಗೆ ತಿಳಿಯಲು ಇನ್ನೂ ಕೆಲವು ತಿಂಗಳು ಬೇಕಾದವು. ನೀಲಕ್ಕ ಅಪ್ಪನೊಂದಿಗೆ ಕನ್ನಡ ಮಾತಾಡುವುದನ್ನು ಬಿಟ್ಟಿದ್ದಳು. ಮೊದಲು ಊಟಕ್ಕೆ ಕೂತರೆ ಅವರಿಬ್ಬರದೇ ವಾದ. ಧಾರವಾಡದ ಬೈಗುಳ, ನಗು, ಅವ್ವ ಸಾಕುಸಾಕೆನ್ನುವುದು. ಈಗ ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಒಂದೋ ಎರಡೋ ಪದ. ಯೆಸ್. ನೋ. ಫೈನ್. ನಮ್ಮ ಎಲ್ಲರ ಮಕ್ಕಳೂ ಹಾಗೇ ಎಂದು ಅಪ್ಪ ಬಂದವರ ಮುಂದೆ ನಗುತ್ತಿದ್ದ. ನಮ್ಮ ಮನೆಯಲ್ಲಿ ಅದು ಹಾಗಲ್ಲವೆಂದು ಅವನಿಗೆ ಗೊತ್ತಿತ್ತು. ಕಾಲೇಜಿಗೆ ಆಸ್ಟಿನ್‌ಗೆ ಹೋದಳು, ಕೆಲಸಕ್ಕೆ ಡಾಲಸ್ ಪಕ್ಕದ ಲಾಸ್ ಕೊಲಿನಾಸ್‌ಗೆ, ಈಗ ಡಾಲಸ್ಸಿನಲ್ಲಿ ಮನೆ, ಗಂಡ, ಒಬ್ಬ ಮಗಳು. ನಾಲ್ಕು ಗಂಟೆಯ ದಾರಿ. ಹಬ್ಬಕ್ಕೆ ಬರುತ್ತಾಳೆ, ಅವ್ವನ ಪಕ್ಕ ಕೂತು ರೊಟ್ಟಿ ಬಡಿಯುತ್ತಾಳೆ, ಸಂಜೆಯೊಳಗೆ ಹೊರಡುತ್ತಾಳೆ. ಅವಳ ಮಗಳು ಅಜ್ಜನಿಗೆ ದೂರದಿಂದ ಕೈ ಬೀಸುತ್ತಾಳೆ. ಅಪ್ಪ ಅವಳ ಬಗ್ಗೆ ವಿಚಾರಿಸುವುದು ನನ್ನ ಹತ್ತಿರ. "ನೀಲಾ ಹೆಂಗದಾಳ? ಕೆಲಸ ಛಲೋ ನಡದೈತೇನು?" ಅವಳಿಗೇ ಫೋನ್ ಮಾಡಿ ಕೇಳಿ ಎಂದರೆ, ಆಕೆ ಬಿಜಿ ಇರ್ತಾಳ, ಎನ್ನುತ್ತಾನೆ.

ಅವ್ವನನ್ನು ಒಮ್ಮೆ ಕೇಳಿದೆ, ಆವತ್ತು ನಾನು ಬಚ್ಚಲ ಬಾಗಿಲಲ್ಲಿ ಹೇಳಿದ್ದನ್ನು ನಂಬಿದ್ದೆಯಾ ಎಂದು. "ನೀ ಹೇಳೂಕ್ಕಿಂತ ಮೊದಲ ಗೊತ್ತಿತ್ತು," ಎಂದಳು. "ಅವರ ನಗು ನೋಡಿದ ಕೂಡಲೇ ಗೊತ್ತಾತು." ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಲು ನನಗೆ ಮನಸ್ಸಾಗಲಿಲ್ಲ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಹೋದ ವರ್ಷ ಅಪ್ಪನನ್ನೇ ಕೇಳಿದೆ. ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಅವನು ಮರೆತಿದ್ದೇನೆ ಎನ್ನಬಹುದು, ಅತ್ತರೂ ಅಳಬಹುದು ಅಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು, ನನ್ನ ಮೇಲೆಯೇ ಸಿಟ್ಟಾದ ಹಾಗೆ ಹೇಳಿದ: "ಅಷ್ಟು ಮಂದಿ ಮುಂದ ನಾ ಮತ್ತೇನ ಹೇಳಬೇಕಾಗಿತ್ತು?"

"ಯಾರ ಮುಂದ ಅಪ್ಪಾ?" ಎಂದೆ. "ಯಾರ್ಯಾರು ಬಂದಿದ್ರು ಆವತ್ತು?"

ವಿಜಯಾ ಆಂಟಿಯ ಹೆಸರು ತಕ್ಷಣ ಬಂತು. ಅವರು ನ್ಯೂಜೆರ್ಸಿಗೆ ಹೋಗಿ ಎಷ್ಟೋ ವರ್ಷವಾಯಿತು, ಹೋದ ಮೇಲೆ ಒಂದು ಫೋನಿಲ್ಲ. ಹುಬ್ಬಳ್ಳಿ ಕಡೆಯ ಡಾಕ್ಟರೊಬ್ಬರು, ಅವರ ಹೆಸರು ನಾಲಿಗೆಯ ತುದಿಯಲ್ಲಿದೆ ಎಂದ. ಇನ್ನೊಬ್ಬರು, ಕನ್ನಡಕದವರು, ಬಿಳಿ ವ್ಯಾನ್ ಇತ್ತಲ್ಲ ಅವರು. ಅಪ್ಪ ಹಣೆ ತಿಕ್ಕಿಕೊಳ್ಳುತ್ತ ಬಹಳ ಹೊತ್ತು ಯೋಚಿಸಿದ. ಎರಡನೆಯ ಹೆಸರು ಸಿಗಲಿಲ್ಲ.